ಎಂಟು ಸುಳಿವು, ಒಂದು ನಾತ

ನ್ಯೂ ಆಲ್ಟೆನ್ ಊರಿನ ಕಳ್ಳಭಟ್ಟಿ ಚರಿತ್ರೆಯನ್ನು ತಾನೇ ಅಗೆದು ತೆಗೆದು, ತಾನೇ ಮತ್ತೆ ಬಚ್ಚಿಟ್ಟು, ಊರವರ ಕೈಯಿಂದಲೇ ಹುಡುಕಿಸಿ, ಕೊನೆಗೆ ಅವರೆಲ್ಲ ತನ್ನ ತಾತನ ಹೆಸರಿಗೆ ಜೈ ಅನ್ನುವಂತೆ ಮಾಡದಿದ್ದರೆ ತನ್ನ ಹೆಸರು ಲಿಯಾಂಡರ್ ಪೋಲ್ಕಾಂಪ್ ಅಲ್ಲ ಎಂದು ಲಿಯಾಂಡರ್ ಪೋಲ್ಕಾಂಪ್ ಘೋಷಿಸಿದ.

ಘೋಷಣೆ ನಡೆದದ್ದು ಅಡುಗೆಮನೆಯಲ್ಲಿ. ಸಭಿಕರು ಒಬ್ಬರೇ, ಹೆಂಡತಿ ಮಾರ್ಸೆಲ್ಲಾ.

“ಹೆಸರು ಬದಲಾಯಿಸೋದಾದ್ರೆ ಬೇಗ ಹೇಳು ಮಹಾರಾಯ. ಟಪಾಲು ಡಬ್ಬಕ್ಕೆ ಬಣ್ಣ ಹೊಡೀಬೇಕು.”

ಅದು ತೊಂಬತ್ತಾರನೇ ಇಸವಿ. ಊರಿಗೆ ನೂರಿಪ್ಪತ್ತೈದು ತುಂಬಿದ ಸಂಭ್ರಮಕ್ಕೆ ನಿಧಿ ಹುಡುಕಾಟ ಇಡಬೇಕೆಂದು ಉತ್ಸವ ಸಮಿತಿ ತೀರ್ಮಾನಿಸಿತ್ತು. ವಿಷಯ, 1920ರಿಂದ 33ರವರೆಗೆ ಅಮೆರಿಕದಲ್ಲಿದ್ದ ಪಾನನಿಷೇಧದ ಕಾಲದಲ್ಲಿ ಊರಲ್ಲಿ ನಡೆದ ಕಳ್ಳಭಟ್ಟಿ! ಆ ಹದಿಮೂರು ವರ್ಷ ಮಿನೆಸೋಟಾದ ಈ ಮೂಲೆಯಲ್ಲಿ ಇಳಿಸಿದ ಸರಕು ದೂರದ ಶಿಕಾಗೋದಲ್ಲೂ ಹೆಸರು ಮಾಡಿತ್ತು. ಆದರೆ ಊರಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. “ನಮ್ಮನೇಲಿ ಅಂಥದ್ದೆಲ್ಲ ಇರ್ಲಿಲ್ಲಪ್ಪ. ಪಕ್ಕದ ಮನೇಲಿ ಕೇಳು.” ಪಕ್ಕದ ಮನೆಯವರು ಅದರ ಪಕ್ಕದ ಮನೆ ತೋರಿಸುತ್ತಿದ್ದರು. ಹೀಗೆ ಊರು ಸುತ್ತಿ ಬಂದರೆ ಮತ್ತೆ ಮೊದಲನೇ ಮನೆ! ಅಜ್ಜ ಅಜ್ಜಿಯರು ಸತ್ತು ಮಣ್ಣಾದರೂ ಊರಿನ ಬಾಯಿಗೆ ಹಾಕಿದ ಬೀಗ ತೆಗೆದಿರಲಿಲ್ಲ.

ಒಂದು ಮನೆಗೆ ಮಾತ್ರ ಆ ಸೌಭಾಗ್ಯ ಇರಲಿಲ್ಲ. ಲಿಯಾಂಡರನ ತಾತ ಅಲೋಯಿಸ್ ಪೋಲ್ಕಾಂಪ್ ಮೂರು ಸಲ ಸಿಕ್ಕಿಬಿದ್ದು ಮೂರು ಸಲ ಜೈಲಿಗೆ ಹೋಗಿದ್ದ. ಇಡೀ ಊರಿನಲ್ಲಿ ಸಿಕ್ಕಿಬಿದ್ದವನು ಅವನೊಬ್ಬನೇ. ಶಾಲೆಯಲ್ಲಿ ಹುಡುಗರು ಲಿಯಾಂಡರನನ್ನು ‘ಜೈಲುಹಕ್ಕಿ ಮರಿ’ ಎಂದು ಕರೆದದ್ದು ಐವತ್ತು ವರ್ಷ ಕಳೆದರೂ ಅವನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಮೂವತ್ತನಾಲ್ಕು ವರ್ಷ ಅಂಚೆಯವನಾಗಿ ಮನೆಮನೆಗೆ ಕಾಗದ ಹಂಚುವಾಗಲೂ ಪ್ರತಿ ಬಾಗಿಲಲ್ಲೂ ಆ ಹೆಸರು ಕೇಳಿಸಿದಂತಾಗುತ್ತಿತ್ತು. ಈಗ ನಿವೃತ್ತ. ಮುಳ್ಳು ಕೀಳುವುದಕ್ಕೆ ಪುರುಸೊತ್ತು ಸಿಕ್ಕಿತ್ತು.

“ಮೂರು ಸಲ ಹಿಡೀಬೇಕಾದ್ರೆ ಎಂಥಾ ದೊಡ್ಡ ಕುಳ ಇರಬೇಕು, ಯೋಚನೆ ಮಾಡು! ನಮ್ಮ ತಾತ ಕಳ್ಳಭಟ್ಟಿ ಚಕ್ರವರ್ತಿ!”

“ಇಲ್ಲಾ ಓಡೋಕೆ ಬರದೇ ಇರೋನು,” ಎಂದಳು ಮಾರ್ಸೆಲ್ಲಾ.

ಚಳಿಗಾಲವಿಡೀ ಕೂತು ಲಿಯಾಂಡರ್ ಎಂಟು ಸುಳಿವುಗಳನ್ನು ಪ್ರಾಸಬದ್ಧವಾಗಿ ಹೊಸೆದ. ಮೊದಲನೆಯದು ಹಿಟ್ಟಿನ ಗಿರಣಿಯಲ್ಲಿ, ಎರಡನೆಯದು ಚರ್ಚಿನ ಗಂಟೆಗೋಪುರದಲ್ಲಿ, ಆಮೇಲೆ ಕ್ಷೌರದಂಗಡಿ, ಹಂದಿಸಂತೆಯ ಮೈದಾನ... ಎಂಟನೆಯದು ಬಿಡಿಸಿದವರು ಬಂದು ನಿಲ್ಲಬೇಕಾದದ್ದು ಅಲೋಯಿಸ್ ತಾತನ ನೆಲಮಾಳಿಗೆಯಲ್ಲಿ, ಅಂದರೆ ಈಗಿನ ಲಿಯಾಂಡರನ ನೆಲಮಾಳಿಗೆಯಲ್ಲಿ. ಅಲ್ಲಿ ತಾತನ ತಾಮ್ರದ ಹಂಡೆ, ಹಂಡೆಯ ತುಂಬ ಚಾಕೊಲೇಟು!

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹಳೆಯ ಪಂಚಾಂಗದ ಹಿಂಬದಿಯಲ್ಲಿ ತಾತನ ಕೈಬರಹದ ಪಾಕವಿಧಾನ ಸಿಕ್ಕಿಬಿಟ್ಟಿತು. ಮೆಕ್ಕೆಜೋಳ, ಸಕ್ಕರೆ, ಯೀಸ್ಟು, ಎರಡು ಮುಷ್ಟಿ ಒಣ ಟರ್ನಿಪ್ ಗಡ್ಡೆ. ‘ಬೆಚ್ಚಗಿಡುವುದು’ ಎಂದು ಕೆಳಗೆ ಎರಡು ಗೆರೆ ಎಳೆದಿತ್ತು.

“ಇದು ಮನುಷ್ಯರಿಗೋ ಹಂದಿಗೋ?” ಎಂದಳು ಮಾರ್ಸೆಲ್ಲಾ.

“ಭಟ್ಟಿ ಇಳಿಸಲ್ಲ ಮಾರಾಯ್ತಿ, ಕಾನೂನು ಗೊತ್ತು ನಂಗೆ. ಬರೀ ಕೊಳೆ ಹಾಕಿಡ್ತೀನಿ. ಬಂದವರು ಇಣುಕಿ ನೋಡ್ಲಿ, ಚರಿತ್ರೆ ಜೀವಂತವಾಗಿರ್ಲಿ!”

ಎಲೆಕೋಸು ಹುಳಿಯಿಡುವ ದೊಡ್ಡ ಭರಣಿಯಲ್ಲಿ ಚರಿತ್ರೆಯನ್ನು ಕಲಸಿ, ನೆಲಮಾಳಿಗೆಯಲ್ಲಿ ಮನೆ ಕಾಯಿಸುವ ಒಲೆಯ ಪಕ್ಕದಲ್ಲಿಟ್ಟು, ಮುಚ್ಚಳ ಬಿಗಿದು, ಮೇಲೆ ನಾಲ್ಕು ಇಟ್ಟಿಗೆ ಹೇರಿದ. ಚರಿತ್ರೆ ಒಂಬತ್ತು ದಿನ ತಾಳಿಕೊಂಡಿತು.

ಹುಡುಕಾಟದ ಶನಿವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಢಮ್ ಎಂದಿತು!

ಇಳಿದು ನೋಡಿದರೆ ಮುಚ್ಚಳ ಮೂಲೆಯಲ್ಲಿ, ಇಟ್ಟಿಗೆಗಳು ದಿಕ್ಕಿಗೊಂದು, ಜೋಳದ ಗಂಜಿ ಛಾವಣಿಯಿಂದ ತೊಟ್ಟಿಕ್ಕುತ್ತಿತ್ತು. ಮಾರ್ಸೆಲ್ಲಾ ಸೌತೆ ಉಪ್ಪಿನಕಾಯಿ ತುಂಬಿಟ್ಟ ಸೀಸೆಗಳ ಮೇಲೆ ಗಂಜಿ. ಎಲ್ಲಕ್ಕಿಂತ ಘೋರವೆಂದರೆ, ನಾಳೆಯ ಪೂಜೆಗೆಂದು ಅವಳು ಒಗೆದು, ಗಂಜಿ ಹಾಕಿ, ಹಗ್ಗದ ಮೇಲೆ ಹರವಿದ್ದ ಚರ್ಚಿನ ಬಲಿಪೀಠದ ಬಟ್ಟೆಗಳ ಮೇಲೂ ಗಂಜಿ!

“ಗಂಜಿ ನಾನು ಆಗ್ಲೇ ಹಾಕಿದ್ದೆ,” ಎಂದಳು ಮಾರ್ಸೆಲ್ಲಾ. ಅವಳ ದನಿ ತಣ್ಣಗಿತ್ತು. ಅವಳು ಕೂಗಾಡಿದ್ದರೆ ಲಿಯಾಂಡರನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಇನ್ನು ಆ ನಾತ! ಕೊಳೆತ ಟರ್ನಿಪ್, ಒದ್ದೆ ನಾಯಿ, ಹಳೆ ಬೂಟು ಮೂರೂ ಸೇರಿ ಮದುವೆ ಮಾಡಿಕೊಂಡಂತಿತ್ತು. ಲಿಯಾಂಡರ್ ಕಿಟಕಿಗಳನ್ನೆಲ್ಲ ತೆರೆದ. ಸಾಲದೆಂದು ಎರಡು ಫ್ಯಾನು ತಂದು ನಾತವನ್ನು ಹೊರಗೆ ತಳ್ಳಿದ. ಹೊರಗೆ ಅಂದರೆ ಎಲ್ಲಿಗೆ? ಗಾಳಿ ಗಿರಣಿಯ ಕಡೆಗೆ ಬೀಸುತ್ತಿತ್ತು. ಗಿರಣಿಯ ಮುಂದೆ ನಲವತ್ತಮೂರು ಮಂದಿ ಸ್ಪರ್ಧಿಗಳು ಸೀಟಿ ಊದುವುದನ್ನೇ ಕಾಯುತ್ತಿದ್ದರು.

ಸೀಟಿ ಊದಿದರು. ಯಾರೂ ಮೊದಲ ಸುಳಿವಿನ ಲಕೋಟೆ ಒಡೆಯಲಿಲ್ಲ. ನಲವತ್ತಮೂರು ಮೂಗುಗಳು ಒಮ್ಮೆಲೇ ಮೇಲೆದ್ದವು. ಎಂಟು ಸುಳಿವು, ಎಂಟು ಪ್ರಾಸ, ಒಂದು ಇಡೀ ಚಳಿಗಾಲ, ಎಲ್ಲವನ್ನೂ ಬಿಟ್ಟು ಜನ ಮೂಗಿನ ನೇರಕ್ಕೆ ನಡೆದು ಏಳು ನಿಮಿಷದಲ್ಲಿ ಲಿಯಾಂಡರನ ನೆಲಮಾಳಿಗೆಯಲ್ಲಿದ್ದರು!

ಲಿಯಾಂಡರ್ ಕೈಯಲ್ಲಿ ಬಕೆಟ್ಟು, ತಲೆಯ ಮೇಲೆ ಜೋಳ ಹೊತ್ತು ನಿಂತಿದ್ದ. ಚಕ್ರವರ್ತಿಯ ಮೊಮ್ಮಗ! ಯಾರೋ ಕಿಸಕ್ಕೆಂದರು. ಶಾಲೆಯ ಅಂಗಳ ನೆನಪಾಗಿ ಅವನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಊರುಗೋಲಿನ ಸದ್ದು ಕೇಳಿತು. ಹಿಂದಿನ ಬೀದಿಯ ಓಟಿಲಿಯಾ ಅಜ್ಜಿ, ಎಂಬತ್ತನಾಲ್ಕು ವರ್ಷ. ಅರ್ಧ ಮೆಟ್ಟಿಲಲ್ಲಿ ನಿಂತು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡಳು.

“ಅಲೋಯಿಸ್!” ಎಂದಳು. “ಅಯ್ಯೋ ದೇವ್ರೇ, ನಮ್ಮ ಅಲೋಯಿಸಂದೇ ವಾಸನೆ!”

“ನಮ್ಮ ತಾತ ನೆನಪಿದಾರಾ ಅಜ್ಜಿ?” ಲಿಯಾಂಡರನಿಗೆ ಜೀವ ಬಂತು. “ಎಲ್ಲರಿಗೂ ಹೇಳಿ. ಊರಿಗೇ ದೊಡ್ಡ ಭಟ್ಟಿ ಅವರದ್ದೇ ಅಲ್ವಾ?”

“ದೊಡ್ಡ ಭಟ್ಟಿನಾ? ಅವನ ಸರಕನ್ನ ಯಾರೂ ಮೂಸಿ ನೋಡ್ತಿರ್ಲಿಲ್ಲ ಕಣಪ್ಪ! ನಮ್ಮ ಹಸು ಒಂದ್ಸಲ ಕುಡಿದು ಎರಡು ದಿನ ಗೋಡೆ ನೋಡ್ಕೊಂಡು ನಿಂತಿತ್ತು.”

ನೆಲಮಾಳಿಗೆ ಹೋ ಎಂದು ನಕ್ಕಿತು. ಅಜ್ಜಿ ಊರುಗೋಲು ಕುಟ್ಟಿದಳು. ನಗು ನಿಂತಿತು.

“ನಗಬೇಡಿ. ಸರ್ಕಾರದವರು ವರ್ಷವರ್ಷ ಬರ್ತಿದ್ರು. ಒಬ್ಬನನ್ನಾದ್ರೂ ಹಿಡೀದೆ ಊರು ಬಿಡ್ತಿರ್ಲಿಲ್ಲ. ಚರ್ಚಿನ ಹಿಂದೆ ಗಂಡಸರೆಲ್ಲ ಸೇರಿ ಅಲೋಯಿಸನ್ನ ಕೇಳಿದ್ರು. ‘ನಿಂದು ಹೆಂಗೂ ಯಾರೂ ಕೊಳ್ಳಲ್ಲ. ನೀನು ಜೈಲಿಗೆ ಹೋದ್ರೆ ಯಾಪಾರಕ್ಕೆ ನಷ್ಟ ಇಲ್ಲ. ಹೋಗ್ತೀಯಾ?’ ಅಂತ. ಅವನು ಕೇಳಿದ್ದು ಒಂದೇ. ‘ನನ್ನ ಹಸು ಹಾಲು ಕರೆಯೋರ್ ಯಾರು?’ ‘ನಾವು ಕರೀತೀವಿ’ ಅಂದ್ರು. ಅಷ್ಟೇ. ಬಾಗಿಲು ತೆರೆದಿಟ್ಟು ಕೂತ್ಕೊಂಡ. ಸರ್ಕಾರದವರು ನಿಮ್ಮ ಹಾಗೇನೇ, ಮೂಗು ಹಿಡ್ಕೊಂಡು ನೇರ ಬಂದ್ರು. ಹೀಗೆ ಮೂರು ಸಲ.”

ಅಜ್ಜಿ ಊರುಗೋಲಿನ ಮೇಲೆ ಎರಡೂ ಕೈ ಊರಿದಳು.

“ನಮ್ಮಪ್ಪಂಗೆ ಒಂಬತ್ತು ಮಕ್ಕಳು. ಅಪ್ಪ ಹೋಗಿದ್ರೆ ನಾವೆಲ್ಲ ಅನಾಥಾಲಯಕ್ಕೆ. ನಮ್ಮನೇಲಿ ರಾತ್ರಿ ಜಪಮಾಲೆಯಲ್ಲಿ ಒಂದು ಮಣಿ ಅಲೋಯಿಸಂಗೆ ಅಂತಲೇ ಇತ್ತು. ಈಗ್ಲೂ ಇದೆ.”

“ನಂಗೆ ಯಾಕೆ ಯಾರೂ ಹೇಳ್ಲಿಲ್ಲ?” ಲಿಯಾಂಡರ್ ಬಕೆಟ್ಟು ಕೆಳಗಿಟ್ಟ.

“ಹೇಳೋದು ಹೆಂಗೆ? ಅವನಿಗೆ ಥ್ಯಾಂಕ್ಸ್ ಅಂದ್ರೆ ನಮ್ಮನೇಲೂ ಭಟ್ಟಿ ಇತ್ತು ಅಂತ ಒಪ್ಕೊಂಡ ಹಾಗಲ್ವಾ?”

ಕ್ಷೌರದಂಗಡಿಯ ಗಿಲ್ಬರ್ಟ್ ನೆಲ ನೋಡುತ್ತ ಕೆಮ್ಮಿದ. “ನಮ್ಮನೇಲೂ ಇತ್ತು. ಕೋಳಿಗೂಡಿನ ಕೆಳಗೆ,” ಎಂದ. “ನಮ್ದು ಗಿರಣೀಲಿ,” ಎಂದರು ಇನ್ನೊಬ್ಬರು. “ನಮ್ಮದೂ...” “ನಮ್ಮಜ್ಜಂದೂ...” ಅರವತ್ತಮೂರು ವರ್ಷ ಪಕ್ಕದ ಮನೆ ತೋರಿಸಿದ ಊರು ಅವತ್ತು ಪೋಲ್ಕಾಂಪರ ಜೋಳದ ಗಂಜಿಯಲ್ಲಿ ನಿಂತು ಒಬ್ಬೊಬ್ಬರಾಗಿ ತಪ್ಪೊಪ್ಪಿಕೊಂಡಿತು. ಒಪ್ಪಿಕೊಂಡವರು ಒಬ್ಬೊಬ್ಬರೂ ಬಂದು ಲಿಯಾಂಡರನ ಅಂಟುಗೈ ಕುಲುಕಿದರು. ಅವನು ಅಳುತ್ತಿದ್ದ. ನಾಚಿಕೆಯಾಗಲಿಲ್ಲ. ಕಳ್ಳಭಟ್ಟಿ ಚಕ್ರವರ್ತಿ ಹೋದರೆ ಹೋಗಲಿ, ಇಂಥ ತಾತ ಸಿಕ್ಕಿದನಲ್ಲ ಎಂದು ಎದೆ ತುಂಬಿ ಬಂದಿತ್ತು.

ಆರು ಜನ ಹೆಂಗಸರು ಬಲಿಪೀಠದ ಬಟ್ಟೆಗಳನ್ನು ಹಂಚಿಕೊಂಡು ಒಗೆಯಲು ಒಯ್ದರು. ಗಂಡಸರು ಅಂಗಿಯ ತೋಳು ಮಡಿಸಿ ಛಾವಣಿ ಉಜ್ಜಲು ಹತ್ತಿದರು. ಯಾರೂ ಅವರನ್ನು ಕೇಳಿರಲಿಲ್ಲ. ಮಾರ್ಸೆಲ್ಲಾ ಗಂಡನ ತಲೆಯಿಂದ ಜೋಳದ ಕಾಳು ಹೆಕ್ಕುತ್ತ, “ಓಡೋಕೆ ಬರದೇ ಇರೋನು ಅಂದಿದ್ದೆ. ತಪ್ಪಾಯ್ತು,” ಎಂದು ಮೆಲ್ಲಗೆ ಹೇಳಿದಳು.

ಆದರೂ ವಂಶಾಭಿಮಾನ ಅನ್ನುವುದು ಇರುತ್ತದಲ್ಲ. ಲಿಯಾಂಡರ್ ಮೂಗು ಒರೆಸಿಕೊಂಡು ಓಟಿಲಿಯಾ ಅಜ್ಜಿಯ ಪಕ್ಕ ಮೆಟ್ಟಿಲ ಮೇಲೆ ಕೂತು ಕಿವಿಯಲ್ಲಿ ಕೇಳಿದ.

“ನಿಜ ಹೇಳಿ ಅಜ್ಜಿ. ತಾತ ಇಳಿಸಿದ್ದು ಒಂದೇ ಒಂದ್ಸಲ ಆದ್ರೂ ಚೆನ್ನಾಗಿತ್ತಾ?”

ಅಜ್ಜಿ ಊರುಗೋಲನ್ನು ಗೋಡೆಗೆ ಒರಗಿಸಿದಳು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನಿನ್ನ ತಾತ ದೇವರಂಥ ಮನುಷ್ಯ ಕಣೋ ಮಗ,” ಎಂದಳು. “ಆ ಹಿಂದಿನ ಬಾಗಿಲೂ ತೆಗಿ.”