ಬೀದಿಯ ಮಗ್ಗ ನಿಲ್ಲಿಸಿ ಸಾಕ್ಷಿ ಹೇಳಿದ್ದು

ಮಗಳ ಮುಹೂರ್ತದ ಸೀರೆಯನ್ನು ಕಳ್ಳ ಕದ್ದ. ಪೊಲೀಸರು ಅವನನ್ನು ಹಿಡಿದರು. ಸೀರೆ ಕೋರ್ಟಿನ ಪಾಲಾಯಿತು. ಅದು ನಮ್ಮದೇ ಎಂದು ನಾನು ಗುರುತಿಸಿ ಸಾಕ್ಷಿ ಹೇಳಿದರೆ ಮಾತ್ರ ವಾಪಸ್. ಮದುವೆ ಹತ್ತಿರ ಬಂದಿತ್ತು. ನಾನೂ ನನ್ನ ಹೆಂಡತಿ ರಾಜಮ್ಮನೂ ಸೇರಿ ನೇಯ್ದ ಸೀರೆ ಅದು. ಮಗಳಿಗೆ ಬೇರೆಯದನ್ನು ಉಡಿಸುವ ಮಾತೇ ಇರಲಿಲ್ಲ.

ಈಗ ಕ್ರಿಮಿನಲ್ ಕೋರ್ಟೂ ಡಿಜಿಟಲ್ ಆಗಿದೆ, ಮನೆಯಿಂದ ವೀಡಿಯೊದಲ್ಲೇ ಸಾಕ್ಷಿ ಹೇಳಬಹುದು ಎಂದರು ಸರ್ಕಾರಿ ವಕೀಲರು. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ.

“ಸುಮ್ನೆ ಬಸ್ ಹತ್ತಿ ಹೋಗಿ ಬಂದ್ಬಿಡಿ,” ಎಂದಳು ರಾಜಮ್ಮ. “ಕೈಲಿ ಮುಟ್ಟದೆ ಸೀರೆನ ಎಂಗೆ ಗುರ್ತು ಹೇಳ್ತೀರಿ?”

“ನಾನು ನೇಯ್ದ ಸೀರೆ ನನಗೆ ತೆರಿಯಾದಾ, ಗೊತ್ತಾಗಲ್ವಾ? ಕಾಲ ಮಾರಿಹೋಯ್ತು, ಎಲ್ಲಾ ಬದಲಾಗಿದೆ, ಸುಮ್ನಿರು.”

ತಮಿಳುನಾಡಿನ ಸಿರುಮುಗೈಯ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಮನೆಗೊಂದು ಮಗ್ಗ. ಹಗಲೆಲ್ಲ ದಡಬಡ ಸದ್ದು. ಅದರ ನಡುವೆ ನ್ಯಾಯಾಧೀಶರಿಗೆ ನನ್ನ ಅಮೂಲ್ಯ ನುಡಿ ಕೇಳಿಸುವುದು ಹೇಗೆ? ವಿಚಾರಣೆಯ ದಿನ ಅಕ್ಕಪಕ್ಕದವರಿಗೆ ಕೈಮುಗಿದು ಮಗ್ಗ ನಿಲ್ಲಿಸಲು ಕೇಳಿಕೊಂಡೆ. ಅವರು ನಿಲ್ಲಿಸಿದ್ದು ನೋಡಿ ಮುಂದಿನವರೂ ನಿಲ್ಲಿಸಿದರು. ಬೀದಿಗೆ ಬೀದಿಯೇ ನಿಶ್ಶಬ್ದ. ನನ್ನ ಪ್ರಭಾವಕ್ಕೆ ನಾನೇ ತಲೆದೂಗಿದೆ.

ಒಂದು ಸಂಗತಿ ಮಾತ್ರ ನನ್ನ ಡಿಜಿಟಲ್ ತಲೆಗೆ ಹೊಳೆಯಲಿಲ್ಲ. ಕೆಲಸದ ದಿನ ನಮ್ಮ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಯಾರಾದರೂ ಸತ್ತಾಗ!

ಹೊಸ ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಕೋರ್ಟಿನ ಮರ್ಯಾದೆಗೆಂದು ಕುರ್ಚಿಯಲ್ಲಿ ಅಲುಗಾಡದೆ, ಫೋನನ್ನೇ ದಿಟ್ಟಿಸಿ ಕುಳಿತಿದ್ದೆ. ನಮ್ಮವರು ಹೆಣವನ್ನು ಸಿಂಗರಿಸಿ ಕೂರಿಸುವುದೂ ಹೀಗೆಯೇ. ಪರದೆಯಲ್ಲಿ ಗುಮಾಸ್ತರು ಸೀರೆ ಬಿಡಿಸಿ ಹಿಡಿದರು. “ಇದು ನಿಮ್ಮದೇನಾ?” ಎಂದು ನ್ಯಾಯಾಧೀಶರು ತಮಿಳಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲು ತೆರೆಯಿತು. ಮಗ್ಗ ನಿಂತದ್ದು ನಮ್ಮ ಮನೆಗಾಗಿ ಎಂದು ಕೇಳಿಕೊಂಡು ಬಂದ ಹಿಂದಿನ ಬೀದಿಯ ನಮ್ಮ ಸೋದರತ್ತೆ, ಕೈಯಲ್ಲಿ ಹಾರ, ಬೆನ್ನ ಹಿಂದೆ ನೆಂಟರಿಷ್ಟರು.

“ಅಯ್ಯೋ ರಾಮಣ್ಣಾ, ಮಗಳ ಮದ್ವೆ ನೋಡದೆ ಹೋದ್ಯೇನೋ,” ಎನ್ನುತ್ತ ಅತ್ತೆ ಹಾರವನ್ನು ನನ್ನ ಕೊರಳಿಗೆ ಹಾಕಿಯೇಬಿಟ್ಟರು.

“ಅತ್ತೆ, ನಾನು ಸತ್ತಿಲ್ಲೆ. ಸಾಕ್ಷಿ ಹೇಳ್ತಿದೀನಿ.”

ಅತ್ತೆಯ ಅಳು ನಿಂತಿತು. ಕಣ್ಣು ಫೋನಿನ ಮೇಲೆ ಬಿತ್ತು. “ಇದು ನಮ್ಮ ಹುಡುಗಿ ಸೀರೆ ಅಲ್ವಾ? ಹೌದು ಅನ್ನೋ, ಯಾಕೆ ಸುಮ್ನೆ ಕೂತಿದ್ದೀ?”

ಕಳ್ಳನ ವಕೀಲರು ಎದ್ದು ನಿಂತರು. ಸಾಕ್ಷಿಗೆ ಹೇಳಿಕೊಡಲಾಗುತ್ತಿದೆ ಎಂದು ಆಕ್ಷೇಪಿಸಿದರು. ನ್ಯಾಯಾಧೀಶರು ನನ್ನ ಹಾರವನ್ನು ಬಹಳ ಹೊತ್ತು ನೋಡಿ, ಮದುವೆಯ ಹಿಂದಿನ ವಾರಕ್ಕೆ ವಾಯಿದೆ ಕೊಟ್ಟು, ಖುದ್ದಾಗಿ ಬರಬೇಕೆಂದು ಅಪ್ಪಣೆ ಮಾಡಿದರು.

ನನಗೆ ನಾಚಿಕೆಗಿಂತ ಹೆದರಿಕೆ ಹೆಚ್ಚಾಯಿತು. ಸೀರೆ ಸಿಗದಿದ್ದರೆ ಮಗಳಿಗೆ ಏನೆಂದು ಹೇಳಲಿ? ರಾಜಮ್ಮ ನನ್ನ ಕೊರಳಿನ ಹಾರ ತೆಗೆದಳು. ನೇರ ಹೋಗಿ ಬಸ್ಸಿನ ವೇಳೆ ವಿಚಾರಿಸಿಕೊಂಡು ಬಂದಳು. ಬೈದಿದ್ದರೆ ವಾಸಿಯಿತ್ತು.

ವಾಯಿದೆಯ ದಿನ ಮೊದಲ ಬಸ್ಸಿಗೇ ಇಬ್ಬರೂ ಹೊರಟೆವು. ಕೋರ್ಟಿನಲ್ಲಿ ಸೀರೆಯನ್ನು ಕೈಗೆ ಕೊಟ್ಟರು. ಕಣ್ಣು ಮುಚ್ಚಿ ಅಂಚಿನ ಹಿಂಬದಿಯಲ್ಲಿ ಬೆರಳಾಡಿಸಿದೆ. ಎಳೆ ಕಡಿದಾಗ ರಾಜಮ್ಮ ಹಾಕಿದ್ದ ಗಂಟು ಬೆರಳಿಗೆ ಸಿಕ್ಕಿತು. “ನಮ್ಮದೇ ಸಾಮಿ,” ಎಂದೆ. ಸೀರೆಯನ್ನು ಮನೆಗೆ ಒಯ್ಯಲು ಅಪ್ಪಣೆಯಾಯಿತು.

ಸೀರೆ ಮಡಿಸಿಕೊಡುತ್ತ ಗುಮಾಸ್ತರು ನನ್ನ ಮುಖವನ್ನೇ ನೋಡಿದರು. “ಅವತ್ತು ವೀಡಿಯೊದಲ್ಲಿ ತೀರಿಹೋದವರು ನೀವೇ ತಾನೆ?”

ರಾಜಮ್ಮ ಸೀರೆಯನ್ನು ಎದೆಗೊತ್ತಿಕೊಂಡು ಹೇಳಿದಳು:

“ಇವರೇ ಸಾರ್. ಇವತ್ತು ಬಸ್ಸಲ್ಲಿ ಕರ್ಕೊಂಡು ಬಂದೆ.”