ಕೈಯೊಳಿರುವೆಲೆ

ಎಲೆಯಣ್ಣನ ಆ ದಿನದ ಪಾಡಿಗೆಲ್ಲ ಮೂಲ, ಸಕ್ಕರೆ ಡಬ್ಬಿಗೆ ಹತ್ತಿದ ಇರುವೆ.

ಬೆಳಿಗ್ಗೆ ಏಳು ಗಂಟೆ. ಅವನು ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದಿಟ್ಟುಕೊಂಡು, ಪಕ್ಕದಲ್ಲಿ ಅಂಗೈಯಗಲದ ಒಂದು ಹಳೆಯ ರಟ್ಟಿನ ಎಲೆ ಇಟ್ಟುಕೊಂಡು, ಅದರ ಮೇಲಿನ ಪದ್ಯವನ್ನು ಗಟ್ಟಿಯಾಗಿ ಓದುತ್ತಿದ್ದ. ಅಡುಗೆಮನೆಯಲ್ಲಿ ಅವನ ಹೆಂಡತಿ ಸಕ್ಕರೆಯನ್ನು ತಟ್ಟೆಗೆ ಸುರಿದು ಒಂದೊಂದೇ ಇರುವೆಯನ್ನು ಊದಿ ಓಡಿಸುತ್ತಿದ್ದಳು.

“ಕೈಯೊಳಿರುವೆಲೆ ಬಿಡುವ ಜಾಣನೆ, ಮೈಯ ಮರೆಯದೆ ಗೆಲುವೆ ನೀ...”

“ಏನ್ರೀ? ನಿಮ್ಮ ಕೈಗೂ ಹತ್ತಿತಾ ಇರುವೆ?”

“ಇರುವೆ ಅಲ್ವೇ. ಇರುವ ಎಲೆ. ಕೈಯಲ್ಲಿ ಇರುವ ಎಲೆ.”

“ನನಗೆ ಇರುವೆ ಅಂತಲೇ ಕೇಳಿಸ್ತಪ್ಪ. ಕೈಯೊಳ್ ಇರುವೆ ಎಲೆ. ನಿಮ್ಮ ಆಟದಲ್ಲಿ ಇರುವೆದೂ ಒಂದು ಎಲೆ ಇದೆ ಅಂತಿದ್ರಲ್ಲ?”

ಇರುವೆಯ ಎಲೆ ನಿಜಕ್ಕೂ ಇತ್ತು.

ಮೂವತ್ತೈದು ವರ್ಷಗಳ ಹಿಂದೆ ಒಂದು ಬಿಸ್ಕತ್ತಿನ ಕಂಪನಿ ಪೊಟ್ಟಣಕ್ಕೊಂದು ಚಿತ್ರದ ಎಲೆ ಹಾಕಿ ಮಾರಿತ್ತು. ಒಟ್ಟು ಅರವತ್ತು ಬಗೆ. ಪ್ರತಿ ಎಲೆಯ ಮೇಲೂ ಒಂದು ಚಿತ್ರ, ಅದರ ಕೆಳಗೆ ಎರಡು ಸಾಲಿನ ಪದ್ಯ. ಆ ಪದ್ಯವೇ ಆ ಎಲೆಯ ಕಾಯಿದೆ. ಎಲೆ ಕೂಡಿಹಾಕಬೇಕು, ಬದಲಾಯಿಸಿಕೊಳ್ಳಬೇಕು, ಎದುರಾಳಿಯ ಮುಂದೆ ಇಳಿಸಿ ಸುತ್ತು ಗೆಲ್ಲಬೇಕು. ಕಂಪನಿ ಮುಚ್ಚಿತು, ಬಿಸ್ಕತ್ತಿನ ರುಚಿ ಯಾರಿಗೂ ನೆನಪಿಲ್ಲ. ಎಲೆಗಳು ಮಾತ್ರ ಅನೇಕರ ಮನೆಯ ಕಪಾಟಿನಲ್ಲಿ ಉಳಿದವು. ಅರವತ್ತನ್ನೂ ಕೂಡಿಹಾಕಿದ ಕೆಲವೇ ಜನರಲ್ಲಿ ಇವನೊಬ್ಬ. ಹೊಟ್ಟೆಪಾಡಿಗೆ ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುತ್ತಿದ್ದ. ಪ್ರೋಗ್ರಾಮ್ ಬರೆಯುವುದನ್ನು ತಾನೇ ಕಲಿತು, ಮೂರು ವರ್ಷದ ಭಾನುವಾರಗಳನ್ನೆಲ್ಲ ಸುರಿದು, ಆ ಆಟವನ್ನು ಇಂಟರ್ನೆಟ್ಟಿಗೆ ಏರಿಸಿದ್ದ. ದಿನಕ್ಕೊಂದು ಪೊಟ್ಟಣ ಬಿಚ್ಚಿದರೆ ಮೂರು ಎಲೆ ಸಿಗುವಂತೆ ಮಾಡಿದ್ದ. ಇನ್ನೂರ ಹನ್ನೆರಡು ಜನ ಸೇರಿದ್ದರು. ಆ ಸಂಜೆ ಆರಕ್ಕೆ ಮೊದಲ ಪಂದ್ಯಾವಳಿ. ಅದು ನಡೆದರೆ ಆಟ ನೆಲೆಯೂರಿದಂತೆ, ಕೆಟ್ಟರೆ ಮೂರು ವರ್ಷವೂ ಮುಳುಗಿದಂತೆ.

ಈಗ ಓದುತ್ತಿದ್ದದ್ದು ಹದಿನೇಳನೆಯ ಎಲೆ, ಗಿಳಿ. ಅಂಗೈಯ ಮೇಲೆ ಕೂತ ಹಸಿರು ಗಿಳಿಯ ಚಿತ್ರ. ಕೈಯಲ್ಲಿರುವ ಎಲೆಗಳನ್ನೆಲ್ಲ ಎದುರಾಳಿಗೆ ಬಿಟ್ಟುಕೊಟ್ಟರೆ ಆ ಸುತ್ತು ನಿನ್ನದು ಎಂದು ಅವನು ಅರ್ಥ ಮಾಡಿ ಬರೆದಿದ್ದ. ದೊಡ್ಡ ತ್ಯಾಗ, ದೊಡ್ಡ ಫಲ. ಹೆಂಡತಿಯ ಕಿವಿಗೆ ಕೇಳಿಸಿದಂತೆ ಬಿಡಿಸಿದರೋ, ಒಂದೇ ಒಂದು ಇರುವೆ ಬಿಟ್ಟರೆ ಸಾಕು, ಗೆಲುವು! ಇರುವೆಯೋ, ಪೊಟ್ಟಣಕ್ಕೊಂದು ಬರುವ ಎಲೆ.

ಸುಮ್ಮನೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕುತೂಹಲ ಎಂಬುದು ಬೆನ್ನಿನ ನಡುವಿನ ತುರಿಕೆಯಂತೆ, ಕೈ ಎಟುಕದಿದ್ದಷ್ಟೂ ಹೆಚ್ಚು. ‘ಹೀಗೆ ಮಾಡಿದರೆ ಹೇಗಿರುತ್ತೆ, ಒಂದು ಕ್ಷಣ ನೋಡೋಣ’ ಎಂದು ಪ್ರೋಗ್ರಾಮಿನ ಒಂದು ಸಾಲು ಬದಲಿಸಿದ. ಅಷ್ಟರಲ್ಲಿ ಹೆಂಡತಿ, “ಎಂಟಾಯ್ತು ರೀ! ಯಜಮಾನರು ಬಾಗಿಲಲ್ಲೇ ನಿಂತಿರ್ತಾರೆ” ಎಂದಳು. ಅವನು ಗಿಳಿಯ ಎಲೆಯನ್ನು ಜೇಬಿಗೆ ಸೇರಿಸಿ, ಚಪ್ಪಲಿ ಮೆಟ್ಟಿಕೊಂಡು ಓಡಿದ. ಬದಲಿಸಿದ ಸಾಲು ಆಟದಲ್ಲಿ ಹಾಗೇ ಉಳಿಯಿತು.

ಹತ್ತು ಗಂಟೆಗೆ ಜೇಬಿನಲ್ಲಿ ಫೋನು ಜೇನುಗೂಡಿನಂತೆ ಗುಂಯ್‌ಗುಟ್ಟತೊಡಗಿತು. ಅವನು ಮೇಜಿನ ಕೆಳಗೆ ಹಿಡಿದು ನೋಡಿದ. ಆಟದ ಹರಟೆಮನೆ ಹೊತ್ತಿ ಉರಿಯುತ್ತಿತ್ತು. ಗಿಳಿ ಇಳಿಸು, ಇರುವೆ ಬಿಡು, ಗೆಲ್ಲು. ಎಲ್ಲ ಆಟಗಳೂ ಅರ್ಧ ನಿಮಿಷಕ್ಕೆ ಮುಗಿಯುತ್ತಿದ್ದವು. ಅರ್ಧ ಜನ ‘ಕೊನೆಗೂ ಸರಿಯಾದ ಅರ್ಥ!’ ಎಂದು ಕುಣಿಯುತ್ತಿದ್ದರು. ಇನ್ನರ್ಧ ಜನ ‘ಇದು ಆಟವೋ ಇರುವೆಗೂಡೋ?’ ಎಂದು ಬಯ್ಯುತ್ತಿದ್ದರು. ಎರಡೂ ಪಕ್ಷದವರ ಕೊನೆಯ ಮಾತು ಒಂದೇ: ಸಂಜೆ ಆರರೊಳಗೆ ತೀರ್ಮಾನವಾಗಬೇಕು, ಇಲ್ಲವಾದರೆ ನಾವು ಹೊರಟೆವು.

ಒಂದು ಕಣ್ಣು ಫೋನಿನ ಮೇಲೆ, ಒಂದು ಕಣ್ಣು ಚೌಕಟ್ಟಿನ ಮೇಲೆ ಇಟ್ಟು ಅವನು ಎಡಗಣ್ಣಿನ ಗಾಜನ್ನು ಬಲಕ್ಕೂ ಬಲಗಣ್ಣಿನದನ್ನು ಎಡಕ್ಕೂ ಕೂರಿಸಿ ಕೊಟ್ಟ. ಹಾಕಿಕೊಂಡ ಗಿರಾಕಿ ಬಾಗಿಲವರೆಗೆ ಹೋಗಿ ನಿಂತುಬಿಟ್ಟರು.

“ಸ್ವಾಮಿ, ಎರಡು ಬಾಗಿಲು ಕಾಣ್ತಿವೆ. ಯಾವುದರಲ್ಲಿ ಹೋಗ್ಲಿ?”

“ಸ್ವಲ್ಪ ಹೊತ್ತಿಗೆ ಅಭ್ಯಾಸ ಆಗುತ್ತೆ,” ಎಂದ ಎಲೆಯಣ್ಣ, ತಲೆಯೆತ್ತದೆ.

“ಅಭ್ಯಾಸನಾ? ನಾನು ಬಸ್ ಓಡಿಸೋನು ಸ್ವಾಮಿ!”

ಯಜಮಾನರು ಒಳಗಿಂದ ಕೆಮ್ಮಿದರು. ಅವರ ಒಂದೊಂದು ಕೆಮ್ಮಿಗೂ ಒಂದೊಂದು ಅರ್ಥವಿತ್ತು. ಇದು ಮೂರನೆಯ ದರ್ಜೆಯದು. ಅದೇ ಹೊತ್ತಿಗೆ ಆ ಎರಡು ಬಾಗಿಲುಗಳಲ್ಲಿ ನಿಜವಾದ ಒಂದರಿಂದ ಇಬ್ಬರು ಒಟ್ಟಿಗೆ ನುಗ್ಗಲು ಹೋಗಿ ಸಿಕ್ಕಿಕೊಂಡರು. ಎಲೆಯಣ್ಣನ ಕೆಳಮನೆಯ ಟೈಲರ್, ಎದುರುಮನೆಯ ನಿವೃತ್ತ ಗುಮಾಸ್ತರು. ಇಬ್ಬರೂ ಆಟದ ಹುಚ್ಚರು.

“ಅಣ್ಣಾ, ಬದಲಾಯಿಸಬೇಡ! ನನ್ನ ಹತ್ರ ನಲವತ್ತು ಇರುವೆ ಇವೆ. ಈಗ ತಾನೇ ಒಂದಕ್ಕೆ ಬೆಲೆ ಬಂದಿದೆ,” ಎಂದ ಟೈಲರ್.

“ಏನಯ್ಯ ಬೆಲೆ? ಮೊನ್ನೆ ಈ ಗಿಳಿಗೋಸ್ಕರ ನಾನು ಏಳು ಎಲೆ ಬಿಟ್ಟೆ. ಏಳು! ಅದರಲ್ಲಿ ಬಿಳಿಯಾನೆನೂ ಇತ್ತು. ಇವನು ಇವತ್ತು ಒಂದು ಇರುವೆ ಬಿಟ್ಟು ನನ್ನ ಮುಂದೆ ಕಾಲರ್ ಎತ್ತಿಕೊಂಡು ಓಡಾಡ್ತಾನೆ,” ಎಂದರು ಗುಮಾಸ್ತರು.

“ಕಾಲರ್ ಹೊಲಿಯೋನು ನಾನೇ ಸಾರ್, ಎತ್ಕೋತೀನಿ.”

“ಪದ್ಯ ಏನಿದೆ ನೋಡಯ್ಯ. ಇರುವ ಎಲೆ! ಇದ್ದದ್ದನ್ನೆಲ್ಲ ಬಿಡು ಅಂತ. ತ್ಯಾಗ ಕಣಯ್ಯ, ತ್ಯಾಗ!”

“ಬಿಡುವ ‘ಜಾಣ’ ಅಂದಿದೆ ಸಾರ್. ಇದ್ದದ್ದನ್ನೆಲ್ಲ ಬಿಡೋನನ್ನ ಯಾರಾದ್ರೂ ಜಾಣ ಅಂತಾರಾ?”

ಅಂಗಡಿಯಲ್ಲಿದ್ದವರಿಗೆಲ್ಲ ಈ ಮಾತು ಸರಿಯೆನಿಸಿತು. ಮರುಕ್ಷಣ ಗುಮಾಸ್ತರದೂ ಸರಿಯೆನಿಸಿತು. ಜಗಳ ಬಿಡಿಸಲು ಬಂದ ಯಜಮಾನರು ಪದ್ಯವನ್ನು ಒಂದು ಸಲ ಓದಿದ್ದೇ ತಡ, ಅವರಿಗೂ ತುರಿಕೆ ಹತ್ತಿತು. ಕಣ್ಣು ಪರೀಕ್ಷೆಯ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ‘ಕೈಯೊಳಿರುವೆಲೆ’ ಎಂದು ಬರೆದು, ಬಸ್ಸಿನವರನ್ನು ದೂರದ ಕುರ್ಚಿಯಲ್ಲಿ ಕೂರಿಸಿದರು.

“ಓದಿ ನೋಡೋಣ. ಬಿಡಿಸಿ ಓದಿ.”

“ಕೂಡಿಸೇ ಬರೆದಿದೀರಲ್ಲ ಸ್ವಾಮಿ. ನನಗೆ ಎರಡೆರಡು ಕಾಣ್ತಿದೆ. ಒಂದು ಇರುವ, ಇನ್ನೊಂದು ಇರುವೆ ಅಂತ ಇಟ್ಕೊಳ್ಳಿ,” ಎಂದರು ಅವರು.

ಅಷ್ಟು ಹೊತ್ತಿನಲ್ಲಿ ಅಂಗಡಿಯಲ್ಲಿ ಯಾರಾದರೂ ಆಡಿದ ನ್ಯಾಯವಾದ ಮಾತು ಅದೊಂದೇ. ಯಜಮಾನರು ಭೂತಗನ್ನಡಿ ತಂದು ಎಲೆಯ ಹಿಂಬದಿಯನ್ನು ಹುಡುಕಿ, ಸಾಸಿವೆ ಗಾತ್ರದ ಅಕ್ಷರದಲ್ಲಿ ಒಂದು ಮುದ್ರಣಾಲಯದ ಹೆಸರನ್ನು ಪತ್ತೆಮಾಡಿದರು.

“ಎಲೆಯಣ್ಣ, ಬರೆದವರು ಯಾರೋ ಅವರನ್ನೇ ಹಿಡೀರಿ. ಹೋಗಿ ಕೇಳ್ಕೊಂಡು ಬನ್ನಿ. ಹೆಂಗಿದ್ರೂ ಇವತ್ತು ನೀವು ಇನ್ನೊಂದು ಕನ್ನಡಕ ಮುಟ್ಟೋದು ಬೇಡ. ತಿಳಿದದ್ದು ನನಗೂ ಫೋನ್ ಮಾಡಿ ಹೇಳಿ.”

ಮುದ್ರಣಾಲಯ ಇನ್ನೂ ಇತ್ತು. ಈಗ ಅಲ್ಲಿ ಔಷಧದ ಸೀಸೆಗೆ ಅಂಟಿಸುವ ಚೀಟಿ ಅಚ್ಚಾಗುತ್ತಿತ್ತು. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಕೇಳಿದ್ದಕ್ಕೆ, ಮಸಿ ಕೈಯ ಮಾಲೀಕರೂ ಕೂಗಿಯೇ ಹೇಳಿದರು.

“ಪದ್ಯನಾ? ಚಿತ್ರದ ಕೆಳಗೆ ಜಾಗ ಖಾಲಿ ಉಳೀತಂತೆ. ನಮ್ಮಪ್ಪನ ಕಾಲದಲ್ಲಿ ಇಲ್ಲಿ ಕರಡು ತಿದ್ದೋ ಅಕ್ಕ ಒಬ್ರಿದ್ರು. ಮಧ್ಯಾಹ್ನ ಕೂತು ಅರವತ್ತೂ ಬರೆದುಕೊಟ್ರಂತೆ. ಹಿಂದಿನ ಬೀದೀಲೇ ಇದಾರೆ, ಮೂರನೇ ಮಹಡಿ. ಹುಷಾರು, ಅವರ ಮುಂದೆ ಮಾತಾಡೋವಾಗ ನೋಡಿ ಮಾತಾಡಿ. ತಿದ್ದಿಬಿಡ್ತಾರೆ!”

ಎಲೆಯಣ್ಣ ಎರಡೆರಡು ಮೆಟ್ಟಿಲು ದಾಟಿ ಹತ್ತಿದ. ಮೂವತ್ತೈದು ವರ್ಷ ಬಾಯಿಪಾಠ ಮಾಡಿದ ಸಾಲುಗಳಿಗೆ ಒಬ್ಬ ತಾಯಿ ಇದ್ದಾರೆ, ಅವರು ಬದುಕಿದ್ದಾರೆ, ಅವರ ಮನೆಯ ಕರೆಗಂಟೆ ತನ್ನ ಬೆರಳಿನಡಿಯಲ್ಲಿದೆ!

ಬಾಗಿಲು ತೆರೆದದ್ದು ಎಪ್ಪತ್ತೈದು ದಾಟಿದ, ಗೆರೆ ಎಳೆದಂತೆ ನೆಟ್ಟಗಿದ್ದ ಒಬ್ಬ ಹೆಂಗಸು. ಕೋಣೆಯಲ್ಲಿ ಒಂದು ಮಂಚ, ಗೋಡೆ ತುಂಬ ಪುಸ್ತಕ, ಕಿಟಕಿಯ ಬಳಿ ಎರಡು ಕುರ್ಚಿ. ಅವನು ಕೈಮುಗಿದು, ಉಸಿರು ಬಿಡದೆ ಬಿಸ್ಕತ್ತಿನ ಕಾಲದಿಂದ ಹೇಳತೊಡಗಿದ. ಅವರು ನಡುವೆ ಎರಡು ಸಲ ಅವನ ವ್ಯಾಕರಣ ತಿದ್ದಿದರು.

“ಸರಿ. ಈಗ ನಿನ್ನ ಆಟದಲ್ಲಿ ಇರುವೆ ಬಿಟ್ಟವನು ಗೆಲ್ತಿದ್ದಾನೆ.”

“ಹೌದಮ್ಮ... ನಿಮಗೆ ಹೇಗೆ ಗೊತ್ತಾಯ್ತು? ನಾನಿನ್ನೂ ಅದನ್ನ ಹೇಳೇ ಇಲ್ಲ.”

“ನಿನ್ನ ಮುಖದಲ್ಲಿ ಬರೆದಿದೆ. ಕೂತ್ಕೋ. ಆ ಪದ್ಯ ಓದು.”

ಅವನು ಓದಿದ.

“ಹಾಗಲ್ಲಪ್ಪ. ಪದ್ಯವನ್ನ ಕಣ್ಣಲ್ಲಿ ಓದಬಾರದು, ಕಿವಿಯಲ್ಲಿ ಓದಬೇಕು.”

ಅವರು ಕಣ್ಣು ಮುಚ್ಚಿದರು. ಕುರ್ಚಿಯ ತೋಳಿನ ಮೇಲೆ ಬೆರಳು ಮೂರು, ನಾಲ್ಕು, ಮೂರು, ನಾಲ್ಕು ಎಂದು ತಟ್ಟಿತು. ಸಣ್ಣ ದನಿ, ಆದರೆ ಕಿಟಕಿಯ ಹೊರಗಿನ ಬೀದಿ ತನ್ನ ಸದ್ದನ್ನು ತಾನೇ ತಗ್ಗಿಸಿಕೊಂಡಂತಾಯಿತು. ‘ಕೈಯೊಳಿರುವೆ’ ಎಂದು ಹಾಡಿ, ಒಂದು ಕೂದಲೆಳೆಯಷ್ಟು ನಿಂತು, ಯಾರನ್ನೋ ಕರೆಯುವಂತೆ ದನಿಯೆತ್ತಿ ‘ಎಲೆ ಬಿಡುವ ಜಾಣನೆ’ ಎಂದರು. ಎಲೆಯಣ್ಣ ಕೈಯಲ್ಲಿದ್ದ ಎಲೆಯ ಸಾಲನ್ನು ಮತ್ತೆ ನೋಡಿದ.

“ಗೊತ್ತಾಯ್ತಾ? ‘ಇರುವೆ’ ಅಂದ್ರೆ ಇದ್ದೇನೆ. ‘ಎಲೆ’ ಅಂದ್ರೆ ಕರೆಯೋದು. ಎಲೆ ಮಗನೆ, ಎಲೆ ತಮ್ಮನೆ ಅಂತ ಹಳೇ ಪದ್ಯದಲ್ಲಿ ಕರೆಯಲ್ವಾ, ಹಾಗೆ. ನಿನ್ನ ಕೈಯಲ್ಲಿದ್ದೇನೆ, ಎಲೆ, ನನ್ನನ್ನ ಹಾರಿಬಿಡುವ ಜಾಣನೇ, ನೀನು ಗೆಲ್ತೀಯ. ಮಾತಾಡ್ತಿರೋದು ಯಾರು? ಚಿತ್ರ ನೋಡು.”

“ಗಿಳಿ!”

“ಮತ್ತೆ? ಅದರಲ್ಲಿ ಇರುವೆಯೂ ಇಲ್ಲ, ಆಟದೆಲೆಯೂ ಇಲ್ಲ.”

“ಹಾಗಾದ್ರೆ ಆ ಎಲೆ ಏನು ಮಾಡುತ್ತಮ್ಮ?”

“ಗಿಳಿ ಏನು ಮಾಡುತ್ತೆ? ಮಾತಾಡುತ್ತೆ.”

“ಅಷ್ಟೇನಾ? ‘ಗೆಲುವೆ ನೀ’ ಅಂತ ಇದೆಯಲ್ಲ?”

“ಗಿಳಿ ಎಲ್ಲರಿಗೂ ಹಾಗೇ ಹೇಳುತ್ತೆ.”

ಎಲೆಯಣ್ಣ ಗಾಳಿಯಲ್ಲಿ ತೇಲಿಕೊಂಡು ಮನೆಗೆ ಬಂದ. ಮೂರನೆಯ ಅರ್ಥ! ಯಾರಿಗೂ ಹೊಳೆಯದ ಅರ್ಥ, ಬರೆದವರ ಬಾಯಿಂದಲೇ! ಆರಕ್ಕೆ ಹತ್ತು ನಿಮಿಷ ಇರುವಾಗ ಪ್ರೋಗ್ರಾಮಿನಲ್ಲಿ ಗಿಳಿಯ ಮುಂದಿದ್ದ ಸಾಲುಗಳನ್ನೆಲ್ಲ ಅಳಿಸಿದ. ಇಳಿಸಿದರೆ ಗಿಳಿ ಪದ್ಯ ಹೇಳುತ್ತದೆ, ಬೇರೇನೂ ಮಾಡುವುದಿಲ್ಲ. ಹರಟೆಮನೆಯಲ್ಲಿ ಒಂದು ಪುಟದಷ್ಟು ವಿವರಣೆ ಹಾಕಿ, ಚಪ್ಪಾಳೆಗೆ ಕಾದ. ಯಜಮಾನರಿಗೂ ಫೋನ್ ಮಾಡಿ ಹೇಳಿದ. ಆ ಕಡೆಯಿಂದ ಕೆಮ್ಮು ಮಾತ್ರ ಕೇಳಿಸಿತು. ಯಾವ ದರ್ಜೆಯದೆಂದು ತಿಳಿಯಲಿಲ್ಲ.

ಆರಕ್ಕೆ ಮೆಟ್ಟಿಲ ಮೇಲೆ ನಾಲ್ಕು ಕಾಲುಗಳ ಸದ್ದಾಯಿತು. ಬೆಳಿಗ್ಗೆ ಒಂದೇ ಬಾಗಿಲಲ್ಲಿ ಹಿಡಿಸದ ಟೈಲರ್ ಮತ್ತು ಗುಮಾಸ್ತರು ಈಗ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು.

“ಏನಯ್ಯ, ನನ್ನ ಬಿಳಿಯಾನೆ ಬಿಟ್ಟಿದ್ದು ಬರೀ ಮಾತಾಡೋ ಗಿಳಿಗಾ?”

“ಮಾತಾಡೋಕೆ ನಮ್ಮನೇಲೇ ಜನ ಇದಾರೆ ಅಣ್ಣಾ. ಅದಕ್ಕೆ ಇಂಟರ್ನೆಟ್ ಯಾಕೆ ಬೇಕು?”

“ಬರೆದವರೇ ಹೇಳಿದ್ದು ಸಾರ್, ಕೇಳಿ...”

“ಬರೆದವರನ್ನ ಯಾಕಯ್ಯ ಕೇಳೋಕೆ ಹೋದೆ? ನಾವಿಬ್ರೂ ಚೆನ್ನಾಗಿ ಜಗಳ ಆಡ್ಕೊಂಡಿದ್ವಲ್ಲ!” ಎಂದು ಗುಮಾಸ್ತರು ಟೈಲರನ ಹೆಗಲ ಮೇಲೆ ಕೈ ಹಾಕಿದರು. “ಬಾರಯ್ಯ, ಚದುರಂಗ ಆಡೋಣ. ಅದರಲ್ಲಿ ಪದ್ಯ ಇಲ್ಲ.”

ಪರದೆಯ ಮೇಲೂ ಅದೇ ಕತೆ. ಇರುವೆಯವರು, ಇರುವವರು ಎಲ್ಲ ಒಂದಾಗಿ ಎದ್ದು ಹೊರಟರು. ಇನ್ನೂರ ಹನ್ನೆರಡು ನೂರಾಯಿತು, ನಲವತ್ತಾಯಿತು, ಏಳಾಯಿತು. ಆರೂವರೆಗೆ ಒಂದೇ ಒಂದು ಹೆಸರು ಉಳಿದಿತ್ತು: ‘ಅಲ್ಪವಿರಾಮ’.

“ನಾನು ಇರುವೆ ಅಂದಿದ್ದೇ ಚೆನ್ನಾಗಿತ್ತು,” ಎಂದಳು ಹೆಂಡತಿ, ಹಿಂದಿನಿಂದ ಇಣುಕಿ.

ಎದುರಾಳಿಯಿಲ್ಲದೆ ಕೂತ ಆ ಒಬ್ಬ ನಿಷ್ಠಾವಂತನನ್ನು ಕಂಡು ಎಲೆಯಣ್ಣನ ಕಣ್ಣು ತುಂಬಿತು. ಅವನಾದರೂ ಬರಿಗೈಯಲ್ಲಿ ಹೋಗಬಾರದೆಂದು ತಾನೇ ಎದುರು ಕೂತು ಆಟ ಹಚ್ಚಿದ. ಯಾರಿರಬಹುದು ಎಂದು ಕುತೂಹಲ. ಹಳೆಯ ದಾಖಲೆ ತೆರೆದು ನೋಡಿದ. ‘ಅಲ್ಪವಿರಾಮ’ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಹದಿನಾಲ್ಕು ಆಟ ಆಡಿತ್ತು. ಹದಿನಾಲ್ಕರಲ್ಲೂ ಸೋಲು. ಹದಿನಾಲ್ಕೂ ಸಲ ಸೋಲಿಸಿದ್ದು ಗಿಳಿ ಮತ್ತು ಇರುವೆ. ಪಾಪ, ಎನಿಸಿತು.

ಆಟ ಬಿಗಿಯಾಗಿತ್ತು. ಕೊನೆಯ ಸುತ್ತಿನಲ್ಲಿ ಎಲೆಯಣ್ಣ ನಲವತ್ತೊಂದನೆಯ ಎಲೆ, ಆಮೆಯನ್ನು ಇಳಿಸಿದ. ಇನ್ನು ಗೆದ್ದಂತೆಯೇ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಅಕ್ಷರಗಳು ಮೂಡಿದವು, ಒಂದೂ ತಪ್ಪಿಲ್ಲದೆ, ಚುಕ್ಕಿ ಗೆರೆ ಸಮೇತ.

“ತಡಿ, ಅಪ್ಪಾ. ಆ ಆಮೆಯ ಪದ್ಯವನ್ನೂ ನೀನು ತಪ್ಪಾಗಿ ಬಿಡಿಸಿದ್ದೀಯ.”

ಎಲೆಯಣ್ಣ ಆ ಸಾಲನ್ನು ಎರಡು ಸಲ ಓದಿದ. ಮೂರನೆಯ ಸಲ ಕಿವಿಯಲ್ಲಿ ಓದಿದ. ಮೂರನೇ ಮಹಡಿಯ ದನಿ ಸ್ಪಷ್ಟವಾಗಿ ಕೇಳಿಸಿತು. ಆದರೂ ಆ ಹಾಳು ಕುತೂಹಲ ಬಿಡಲಿಲ್ಲ.

“ಹಾಗಾದ್ರೆ ಅದರ ಸರಿಯಾದ ಅರ್ಥ ಏನಮ್ಮ?” ಎಂದು ಟೈಪಿಸಿದ.

ಉತ್ತರ ಮೂಲೆಯಲ್ಲಿ ಮೂಡಿತು.

“ಇರಪ್ಪ. ನನ್ನ ಕೈಯಲ್ಲಿ ಯಾವ ಯಾವ ಎಲೆ ಉಳಿದಿದೆ ನೋಡಿಕೊಂಡು ಹೇಳ್ತೀನಿ.”