ಕದಿರೇಶನ ಎಡಗಣ್ಣು

ಅನಿತಳ ಕನ್ನಡಕ ಮತ್ತೊಮ್ಮೆ ಮುರಿದದ್ದು ಶನಿವಾರ ಸಂಜೆ, ಕಬಡ್ಡಿ ಅಂಕಣದಲ್ಲಿ. ಎದುರು ತಂಡದ ಹುಡುಗಿ ಕಾಲು ಹಿಡಿಯಲು ಬಂದವಳು ಕನ್ನಡಕ ಹಿಡಿದುಕೊಂಡಳು. ಒಂದು ಗಾಜು ಮಣ್ಣಿನಲ್ಲಿ ಹೂತುಹೋಯಿತು; ಇನ್ನೊಂದರ ಮೇಲೆ ರೆಫರಿಯೇ ಕಾಲಿಟ್ಟರು. ಆಟ ಕಲಿಸುವ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟರು: ಇನ್ನು ಕನ್ನಡಕದೊಂದಿಗೆ ಅಂಕಣಕ್ಕೆ ಇಳಿಯುವಂತಿಲ್ಲ. ಸೋಮವಾರ ಲೆನ್ಸ್ ಹಾಕಿಕೊಂಡು ಬಂದರೆ ತಂಡದಲ್ಲಿ ಜಾಗ, ಇಲ್ಲದಿದ್ದರೆ ಆ ಜಾಗ ಬೇರೆಯವಳಿಗೆ.

ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ಮುಳಬಾಗಿಲಿನ ಆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯವಾಗಿತ್ತು. ಹಳೇ ಗೀರು ಬಿದ್ದ ಕನ್ನಡಕ ಹಾಕಿಕೊಂಡು ಕೂತಿದ್ದ ಅನಿತಳಿಗೆ ಲೆನ್ಸೇ ಬೇಕು. ತಾಯಿ ಸುನಂದಳಿಗೆ ಕನ್ನಡಕವೇ ಸರಿ. ಅದಕ್ಕಾಗಿ ಕಬಡ್ಡಿ ಬಿಡಬೇಕಾದರೆ ಇನ್ನೂ ಒಳ್ಳೆಯದು. ಅಜ್ಜಿ ಶ್ಯಾಮಲಮ್ಮನ ಪ್ರಕಾರ ಎರಡೂ ಬೇಡ, ಹೊನಗೊನ್ನೆ ಸೊಪ್ಪಿನ ಸಾರು ಸಾಕು. ಎಲ್ಲರೂ ಹೇಳುವುದನ್ನು ಹೇಳಿ ಮುಗಿಸಿ ಕದಿರೇಶನ ಕಡೆ ತಿರುಗಿದರು. ಮನೆಯ ಯಜಮಾನ ಅವನು.

ಕದಿರೇಶನದು ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ. ಸ್ವಂತ ಮಾವ ಕ್ಯಾನು ಹೊತ್ತು ತಂದರೂ ಪರೀಕ್ಷೆ ಮಾಡದೆ ಒಳಗೆ ಬಿಡುವವನಲ್ಲ. ಹೀಗಾಗಿ ಮಗಳ ಕಣ್ಣಿಗೆ ಹೋಗುವ ವಸ್ತು ಮೊದಲು ತನ್ನ ಕಣ್ಣಿನಲ್ಲಿ ಪಾಸಾಗಬೇಕು ಎಂದು ಅವನು ತೀರ್ಮಾನಿಸಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕನ್ನಡಕದ ಅಂಗಡಿಗೆ ಹೋಗಿ, ಅಭ್ಯಾಸಕ್ಕೆಂದು ಇಟ್ಟಿದ್ದ ಪವರ್ ಇಲ್ಲದ ಒಂದು ಜೋಡಿ ಲೆನ್ಸನ್ನು ಕಾಡಿ ಬೇಡಿ ತಂದ. ತನ್ನೆದುರಿಗೇ ಕೂತು ಹಾಕಿಕೊಂಡು ಕಲಿಯಿರಿ ಎಂದು ಅಂಗಡಿಯವನು ಹೇಳಿದ್ದಕ್ಕೆ, ಎಮ್ಮೆ ಹಾಲಿನಲ್ಲಿ ಹಸುವಿನ ಹಾಲು ಎಷ್ಟು ಬೆರೆತಿದೆಯೆಂದು ಕಣ್ಣಳತೆಯಲ್ಲೇ ಹೇಳುವವನಿಗೆ ಇದೇನು ಮಹಾ ಎಂಬಂತೆ ನಕ್ಕುಬಂದಿದ್ದ.

ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತಾಗ ಮಹಾ ಏನೆಂಬುದು ಗೊತ್ತಾಯಿತು. ಬೆರಳು ಹತ್ತಿರ ಬಂದ ಕೂಡಲೇ ಕಣ್ಣು, ಸಾಲ ಕೊಟ್ಟವನು ಬಂದಾಗ ಬಾಗಿಲು ಹಾಕಿಕೊಳ್ಳುವ ಮನೆಯಂತೆ ಮುಚ್ಚಿಕೊಳ್ಳುತ್ತಿತ್ತು. ಬಹಳ ಹೊತ್ತು ಗುದ್ದಾಡಿದ ಮೇಲೆ ಮೊದಲನೆಯದು ಒಳಗೆ ಹೋಯಿತು. ಹೋದದ್ದೇ ತಿಳಿಯದಷ್ಟು ಹಗುರ. ಅಷ್ಟರಲ್ಲಿ ಶ್ಯಾಮಲಮ್ಮ ಬಾಗಿಲು ಬಡಿದು, ಇಷ್ಟು ಹೊತ್ತಾಯಿತು, ಜಾರಿಬಿದ್ದೆಯೇನೋ ಎಂದು ವಿಚಾರಿಸಿದರು. ಅವರಿಗೆ ಸಮಾಧಾನ ಹೇಳಿ ಕಳಿಸಿ, ಮತ್ತೆ ಕನ್ನಡಿಗೆ ಮುಖ ಕೊಟ್ಟು ಎರಡನೆಯದನ್ನು ಹಾಕಿಕೊಂಡ. ಅದು ಸಲೀಸಾಗಿ ಹೋಯಿತು.

ಪರೀಕ್ಷೆ ಮುಗಿಯಿತೆಂದು ತೆಗೆಯಲು ಹೋದಾಗಲೇ ಎಡವಟ್ಟಾದದ್ದು. ಬಲಗಣ್ಣನ್ನು ಮುಟ್ಟಿದರೆ ಲೆನ್ಸು ಬೆರಳಿಗೆ ತಾಗುತ್ತಿತ್ತು. ಎಡಗಣ್ಣಲ್ಲಿ ಏನೂ ಇರಲಿಲ್ಲ. ರೆಪ್ಪೆ ಎತ್ತಿ ನೋಡಿದ, ಬಕೆಟ್ಟಿನಲ್ಲಿ ನೋಡಿದ, ನೆಲದ ಮೇಲೆ ಮಂಡಿಯೂರಿ ತಡಕಿದ. ಎಲ್ಲೂ ಇಲ್ಲ. ಒಳಗೆ ಹೋದದ್ದು ಹೊರಗೆ ಬಂದಿಲ್ಲವೆಂದರೆ ಇನ್ನೂ ಒಳಗೆ ಎಲ್ಲೋ ಸೇರಿಕೊಂಡಿದೆ ಎಂದೇ ಅರ್ಥ. ಅವನು ಬಾಗಿಲು ತೆರೆದು ಸುನಂದಳಿಗೆ ಸುದ್ದಿ ಹೇಳಿದ.

ಸುನಂದಳ ಕೂಗಿಗೆ ಮೊದಲು ಓಡಿಬಂದವರು ಪಕ್ಕದ ಮನೆಯ ಮುನಿರಾಮಪ್ಪ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು; ಯಾರ ಮನೆಯಲ್ಲಿ ಏನೇ ಆದರೂ ಸೀಟಿ ಊದಿ ನಿಲ್ಲಿಸಿ, ಮುಂದಕ್ಕೆ ಹೋಗಲು ಅಪ್ಪಣೆ ಕೊಡುವ ಅಭ್ಯಾಸ ಬಿಟ್ಟಿರಲಿಲ್ಲ. ಅವರು ಟಾರ್ಚು ಹಾಕಿ ಎಡಗಣ್ಣನ್ನು ನೋಡಿ, ಲೆನ್ಸು ಗುಡ್ಡೆಯ ಹಿಂದಕ್ಕೆ ಹೋಗಿದೆ ಎಂದರು. ನಂಗಲಿಯ ಲಾರಿ ಡ್ರೈವರ್ ಒಬ್ಬನಿಗೆ ಹೀಗೇ ಆಗಿ ಅದು ಕಿವಿಯಲ್ಲಿ ಸಿಕ್ಕಿತೆಂದೂ ಹೇಳಿದರು.

"ಬಲಗಣ್ಣನ್ನ ಮಾತ್ರ ಯಾರೂ ಮುಟ್ಟಬೇಡ್ರಿ," ಎಂದು ಕಟ್ಟಪ್ಪಣೆ ಮಾಡಿದರು. "ಇವನಿಗೆ ಅದೊಂದಾದ್ರೂ ಉಳೀಲಿ."

ಎದುರು ಮನೆಯ ರಾಮಲಕ್ಷ್ಮಮ್ಮ ಹರಳೆಣ್ಣೆ ತಂದರು. ಎಣ್ಣೆ ಬಿಟ್ಟರೆ ಜಾರಿ ತಾನಾಗಿ ಬರುತ್ತದೆಂಬುದು ಅವರ ಲೆಕ್ಕ. ಅದು ಬರಲಿಲ್ಲ, ಕಣ್ಣು ಮಾತ್ರ ಟೊಮೇಟೊ ಬಣ್ಣಕ್ಕೆ ತಿರುಗಿತು. ಆಮೇಲೆ ಶ್ಯಾಮಲಮ್ಮನ ಸಲಹೆಯಂತೆ ಸೀರೆಯ ಸೆರಗನ್ನು ಬಾಯಲ್ಲಿ ಊದಿ ಬೆಚ್ಚಗೆ ಒತ್ತಿದರು. ಮಧ್ಯೆ ಅನಿತ ಡಾಕ್ಟರ ಹತ್ತಿರ ಹೋಗೋಣವೆಂದು ಅಂದಳು. ಇದಕ್ಕೆಲ್ಲ ಕಾರಣಳಾದವಳು ಸುಮ್ಮನಿದ್ದರೆ ಸಾಕೆಂದು ಎಲ್ಲರೂ ಅವಳ ಬಾಯಿ ಮುಚ್ಚಿಸಿದರು.

ಕಣ್ಣಿಗೆ ಬಿದ್ದ ಕಸವನ್ನು ನಾಲಿಗೆಯ ತುದಿಯಿಂದ ತೆಗೆಯುವ ಅಜ್ಜಿಯೊಬ್ಬರು ಹತ್ತಿರದ ಆವನಿ ಹಳ್ಳಿಯಲ್ಲಿದ್ದರು. ಮುನಿರಾಮಪ್ಪ ಕದಿರೇಶನನ್ನು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೊರಟರು. ಕದಿರೇಶ ದಾರಿಯುದ್ದಕ್ಕೂ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಲೆನ್ಸು ಈಗ ಎಲ್ಲಿಯವರೆಗೆ ಬಂದಿರಬಹುದೆಂದು ಕಿವಿಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಬಲಗಣ್ಣಿಗೂ ಮಂಜಾಗಿ ಕಾಣುತ್ತಿತ್ತು. ಒಂದರ ದುಃಖಕ್ಕೆ ಇನ್ನೊಂದು ಅಳುತ್ತಿದೆ ಎಂದುಕೊಂಡ.

ಅಜ್ಜಿ ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಅವನ ತಲೆಯನ್ನು ಕುಂಬಳಕಾಯಿಯಂತೆ ಎರಡೂ ಕೈಯಲ್ಲಿ ಹಿಡಿದರು. "ಕದಲವದ್ದು ನಾಯನಾ," ಎಂದು ತೆಲುಗಿನಲ್ಲಿ ಗದರಿದರು. ಅವನು ಕದಲುವ ಸ್ಥಿತಿಯಲ್ಲೂ ಇರಲಿಲ್ಲ. ನಾಲಿಗೆ ಆಡಿಸಿ, ಕೊನೆಗೆ ಏನನ್ನೋ ಅಂಗೈಗೆ ಉಗಿದು ತೋರಿಸಿದರು. ನೋಡಿದರೆ ರಾಗಿ ಹೊಟ್ಟು. ಸ್ಕೂಟರಿನಿಂದ ಇಳಿದು ಅಂಗೈ ತೆಗೆದಾಗ ಬಿದ್ದದ್ದಿರಬೇಕು. ತಮ್ಮ ಕೆಲಸ ಮುಗಿಯಿತು, ಅದರ ಆಚೆಗೆ ಇರುವುದು ದೇವರಿಗೆ ಸೇರಿದ್ದು ಎಂದು ಅಜ್ಜಿ ಹೊಸ ಎಲೆಗೆ ಸುಣ್ಣ ಹಚ್ಚಿದರು.

ಮಧ್ಯಾಹ್ನದ ಹೊತ್ತಿಗೆ ಎಡಗಣ್ಣು ಬಾತು ಮುಚ್ಚಿಹೋಗಿತ್ತು. ಈಗ ಅನಿತ ಯಾರ ಅಪ್ಪಣೆಗೂ ಕಾಯಲಿಲ್ಲ. ಅಪ್ಪನನ್ನು ಕೈಹಿಡಿದು ನಡೆಸಿಕೊಂಡು, ಅಮ್ಮನನ್ನೂ ಹೊರಡಿಸಿ, ಕೋಲಾರದ ಬಸ್ಸು ಹತ್ತಿಸಿದಳು.

ಕೋಲಾರದ ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಡಿಮೆ. ಎಡಗಣ್ಣನ್ನು ಯಂತ್ರದ ಮುಂದಿಟ್ಟು ರೆಪ್ಪೆ ಮಡಚಿ, ಮೂಲೆ ಮೂಲೆ ಹುಡುಕಿದರು. ಏನೇನು ಹಾಕಿದಿರಿ ಎಂದು ಕೇಳಿದ್ದಕ್ಕೆ ಸುನಂದ ಎಣ್ಣೆಯಿಂದ ಹಿಡಿದು ನಾಲಿಗೆಯವರೆಗೆ ಹೇಳಿದಳು. ಡಾಕ್ಟರು ಕೇಳಿಸಿಕೊಂಡು ಒಂದು ಸಲ ಕಣ್ಣು ಮುಚ್ಚಿ ತೆರೆದರು. ಕಣ್ಣಿನ ಹಿಂದಕ್ಕೆ ಹೋಗಲು ದಾರಿಯೇ ಇಲ್ಲವೆಂದು ಹೇಳಿ, ಇದನ್ನೂ ನೋಡಿಬಿಡೋಣ ಎಂಬಂತೆ ಬಲಗಣ್ಣನ್ನೂ ನೋಡಿದರು. ಅಲ್ಲಿ ಬಹಳ ಹೊತ್ತು ನಿಂತರು. ಮೆಲ್ಲಗೆ ಬೆರಳಾಡಿಸಿ ಲೆನ್ಸು ತೆಗೆದರು. ಮತ್ತೆ ಬೆರಳಾಡಿಸಿ ಇನ್ನೊಂದು ತೆಗೆದರು.

"ಎರಡೂ ಬಲಗಣ್ಣಲ್ಲೇ ಇತ್ತು," ಎಂದರು. "ಒಂದರ ಮೇಲೊಂದು ಕೂತಿತ್ತು. ಎಡಗಣ್ಣಿಗೆ ನೀವು ಏನೂ ಹಾಕೇ ಇಲ್ಲ."

ಬೆಳಗಿನಿಂದ ಎಣ್ಣೆ, ಶಾಖ, ನಾಲಿಗೆ ಎಲ್ಲವನ್ನೂ ಅನುಭವಿಸಿದ ಎಡಗಣ್ಣು ಏನೊಂದೂ ತಪ್ಪು ಮಾಡಿರಲಿಲ್ಲ. ಡಾಕ್ಟರು ಅದಕ್ಕೆ ಔಷಧಿ ಹಾಕಿ ಹತ್ತಿಯಿಟ್ಟು ಪಟ್ಟಿ ಅಂಟಿಸಿದರು. ಆಮೇಲೆ ಅನಿತಳ ಕಣ್ಣು ಪರೀಕ್ಷಿಸಿ, ಕೈ ತೊಳೆಸಿ, ಅವಳ ಪವರಿನ ಹೊಸ ಲೆನ್ಸು ಹಾಕುವುದನ್ನು ತೋರಿಸಿದರು. ಅವಳು ಮೊದಲ ಸಲವೇ ಎರಡೂ ಕಣ್ಣಿಗೆ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು, ಎದುರಿನ ಬೋರ್ಡಿನ ಕೊನೆಯ ಸಾಲು ಓದಿದಳು. ಸುನಂದ ಮಗಳ ಮುಖವನ್ನೇ ನೋಡುತ್ತಿದ್ದು, ಹಾಕಿಕೊಳ್ಳಲಿ ಬಿಡಿ ಎಂದಳು.

ಸಂಜೆ ಅವರು ಮನೆಯ ಮುಂದೆ ಬಂದಾಗ ಜಗಲಿಯ ಮೇಲೆ ಬೀದಿಯೇ ಕೂತಿತ್ತು. ಎಡಗಣ್ಣಿನ ಪಟ್ಟಿ ಕಂಡದ್ದೇ, ನಾನು ಹೇಳಿರಲಿಲ್ಲವೇ ಎಂಬಂತೆ ಮುನಿರಾಮಪ್ಪ ಎಲ್ಲರ ಕಡೆ ನೋಡಿದರು. ಹಿಂದಕ್ಕೆ ಹೋದದ್ದನ್ನು ಆಪರೇಷನ್ ಮಾಡಿ ತೆಗೆದಿದ್ದಾರೆಂದು ರಾಮಲಕ್ಷ್ಮಮ್ಮ ಪಕ್ಕದವರಿಗೆ ಹೇಳಿದರು. ಕದಿರೇಶ ತಲೆ ಆಡಿಸಿಬಿಟ್ಟ. ನಿಜಕ್ಕಿಂತ ಆಪರೇಷನ್ನೇ ಮರ್ಯಾದೆಯದು ಎಂದು ಅವನಿಗೆ ಅನಿಸಿತು.

ಆದರೆ ಶ್ಯಾಮಲಮ್ಮ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹಂಗಾದ್ರೆ ಈ ಮಗೂಗೆ ಅದು ಬೇಡವೇ ಬೇಡ. ನಾನು ಬದುಕಿರೋವರೆಗೂ ಹಾಕೋಕೆ ಬಿಡಲ್ಲ. ಕಬಡ್ಡಿ ಇಲ್ಲದಿದ್ರೆ ಇಲ್ಲ."

ಅನಿತ ಹೊಸದಾಗಿ ಸ್ಪಷ್ಟವಾಗಿ ಕಾಣುವ ಎರಡು ಕಣ್ಣುಗಳಿಂದ ಅಪ್ಪನನ್ನು ನೋಡಿದಳಷ್ಟೇ. ಕದಿರೇಶ ಒಂಟಿಗಣ್ಣಿನಿಂದ ಅವಳನ್ನೂ, ಜಗಲಿಯನ್ನೂ ನೋಡಿದ. ಇಡೀ ದಿನ ಮಾಡದಿದ್ದ ಧೈರ್ಯವನ್ನು ಆಗ ಮಾಡಿದ.

"ಆಪರೇಷನ್ ಆಗಿಲ್ಲಮ್ಮ. ಎರಡೂ ಬಲಗಣ್ಣಲ್ಲೇ ಇತ್ತು. ನಾನೇ ಎರಡನ್ನೂ ಒಂದೇ ಕಣ್ಣಿಗೆ ಹಾಕ್ಕೊಂಡಿದ್ದೆ. ತಪ್ಪು ಲೆನ್ಸಿಂದಲ್ಲ, ನಂದು. ಅವಳು ಹಾಕ್ಕೊಳ್ಳಲಿ."

ಶ್ಯಾಮಲಮ್ಮ ಮಗನನ್ನು ನೋಡಿ, ಮೊಮ್ಮಗಳನ್ನು ನೋಡಿ, ಹಾಗಾದರೆ ಸರಿ ಎಂದು ಅವಳ ಕೈ ಬಿಟ್ಟರು. ಅನಿತ ಬಂದು ಅಪ್ಪನ ತೋಳಿಗೆ ಆತುಕೊಂಡಳು. ಕದಿರೇಶನಿಗೆ ಎದೆ ಹಗುರವಾಯಿತು. ಹೋದ ಮಾನ ಹೇಗೂ ಹೋಯಿತು, ಇನ್ನು ಇದಕ್ಕಿಂತ ಕೆಳಗೆ ಹೋಗುವುದಕ್ಕೆ ಜಾಗವಿಲ್ಲ ಎಂದುಕೊಂಡ.

ಮುನಿರಾಮಪ್ಪ ಗಂಟಲು ಸರಿಮಾಡಿಕೊಂಡರು.

"ಬೇಜಾರು ಮಾಡ್ಕೋಬೇಡ ಕದಿರೇಶ. ಎಲ್ಲಿ, ನಿನ್ನ ಎಡಗೈ ಎತ್ತು ನೋಡಣ."

ಬೇರೆ ದಿನವಾಗಿದ್ದರೆ ಕದಿರೇಶ ಉತ್ತರವನ್ನೂ ಕೊಡುತ್ತಿರಲಿಲ್ಲ. ಈಗ ಸಿಟ್ಟಿನಿಂದ, ಬೀದಿಗೆಲ್ಲ ಕಾಣಲೆಂದು, ಕೈಯನ್ನು ನೆಟ್ಟಗೆ ಮೇಲೆತ್ತಿದ. ಯಾರೂ ನಗಲಿಲ್ಲ. ರಾಮಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಸುನಂದ ತಲೆ ತಗ್ಗಿಸಿ ಒಳಗೆ ಹೋದಳು. ಅನಿತ ಮೆಲ್ಲಗೆ ಆ ಕೈಯನ್ನು ಕೆಳಗಿಳಿಸಿ, ಇನ್ನೊಂದನ್ನು ಹಿಡಿದು ಮೇಲಕ್ಕೆತ್ತಿದಳು.